ಸೋಪು ಮಾರುವ ತಮ್ಮ

ಪರದೆಯ ಮೇಲಿನ ಸಾಲುಗಳೆಲ್ಲ ಹಸಿರಾಗಿದ್ದವು. ಬೆಳಿಗ್ಗೆ ಬಂದವನೇ ಚೀಲ ಕೆಳಗಿಡುವ ಮೊದಲು ಅವನು ನೋಡುತ್ತಿದ್ದದ್ದು ಅದನ್ನೇ. ಹಸಿರಾಗಿದ್ದರೆ ಇಡೀ ದಿನವನ್ನು ಯಾರ ಜೊತೆಗೂ ಹೆಚ್ಚು ಮಾತಾಡದೆ ಕಳೆಯಬಹುದು ಎಂದರ್ಥ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ, ಧ್ವನಿ ಮುದ್ರಿಸಿ, ಬೇಕೆಂದವರಿಗೆ ಕಳಿಸುವ ಗ್ರಂಥಾಲಯ ಅದು. ಬಣ್ಣದಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು, ಕಿಟಕಿ ತೆರೆದರೆ ಟರ್ಪೆಂಟೈನಿನ ವಾಸನೆ ಬರುತ್ತಿತ್ತು. ಓದುವವರು ಓದುತ್ತಾರೆ, ಕೇಳುವವರು ಕೇಳುತ್ತಾರೆ, ನಡುವೆ ಇರುವುದು ಕೊಳೆಯದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಡಿಸ್ಕುಗಳು ಸದ್ದಿಲ್ಲದೆ ಕೆಡುತ್ತವೆ, ಹಣ್ಣಿನ ಹಾಗೆ ನಾತ ಹೊಡೆದು ಹೇಳುವುದಿಲ್ಲ. ಅದಕ್ಕೆ ಹ್ಯಾಶ್ ಎಂಬ ಲೆಕ್ಕ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಅನ್ನುತ್ತಾರೆ. ಹ್ಯಾಶ್ ಹಾಗಲ್ಲ, ಅದು ಪಾತ್ರೆಯ ಒಂದೊಂದು ಅಗುಳನ್ನೂ ಹಿಸುಕುತ್ತದೆ. ಕಡತ ಎಷ್ಟೇ ದೊಡ್ಡದಿರಲಿ, ಮೊದಲಿನಿಂದ ಕೊನೆಯವರೆಗೆ ಅರೆದು, ಒಂದೇ ಸಾಲಿನ ಅಂಕಿ ಅಕ್ಷರಗಳ ಸರವಾಗಿ ಹೊರಗಿಡುತ್ತದೆ. ಇವತ್ತು ಬಂದ ಸರವೂ ಮೊದಲ ದಿನ ಬರೆದಿಟ್ಟ ಸರವೂ ಒಂದೇ ಆಗಿದ್ದರೆ ಕಡತ ಮುಕ್ಕಾಗಿಲ್ಲ, ಪರದೆಯ ಸಾಲು ಹಸಿರು. ಎಲ್ಲೋ ಒಂದು ಸೊನ್ನೆ ಒಂದಾಗಿದ್ದರೂ ಸರ ಪೂರ್ತಿ ಬೇರೆಯಾಗುತ್ತದೆ, ಅಣ್ಣತಮ್ಮಂದಿರಷ್ಟು ಹೋಲಿಕೆಯೂ ಉಳಿಯುವುದಿಲ್ಲ. ಆಫೀಸಿನಲ್ಲಿ ಅದಕ್ಕೆ ಬೆರಳಚ್ಚು ಎಂದು ಹೆಸರಿಟ್ಟವನು ಅವನೇ. ಬದಲಾಗಿದೆ ಎಂದಷ್ಟೇ ಅದು ಹೇಳುತ್ತದೆ. ಏನು, ಎಲ್ಲಿ, ಯಾಕೆ ಎಂದು ಹೇಳುವುದಿಲ್ಲ. ಆ ಮಿತಭಾಷೆ ಅವನಿಗೆ ಹಿಡಿಸಿತ್ತು.

ಚೀಲ ಕೆಳಗಿಡುವಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಗ್ರಂಥಾಲಯದ ಮುಖ್ಯಸ್ಥೆ, ಯಾರನ್ನೂ ತಮ್ಮ ಕೋಣೆಗೆ ಕರೆಸದೆ ತಾವೇ ಬಂದು ನಿಲ್ಲುವ ಅಭ್ಯಾಸ. ತಕರಾರಜ್ಜಿ ಫೋನು ಮಾಡಿದ್ದಳಂತೆ. ತಕರಾರಜ್ಜಿ ಎಂದರೆ ಎಲ್ಲರಿಗೂ ಗೊತ್ತು. ವಾರಕ್ಕೆರಡು ಪುಸ್ತಕ ಕೇಳುತ್ತಾಳೆ, ವಾರಕ್ಕೆರಡು ಸಲ ದೂರುತ್ತಾಳೆ: ಓದಿದವರು ಮೂಗಿನಲ್ಲಿ ಓದಿದರು, ಓದಿದವರಿಗೆ ನೆಗಡಿಯಿತ್ತು, ಹಿಂದೆ ಯಾರೋ ಕುರ್ಚಿ ಎಳೆದರು. ಈ ಸಲ ಒಂದು ಕಾದಂಬರಿಯಲ್ಲಿ ತುಂಡು ಕಾಣೆಯಾಗಿದೆಯಂತೆ. ಯಾವ ಕಾದಂಬರಿ ಎಂದು ಮೇಡಂ ಹೇಳಿದಾಗ ಅವನ ಕಿವಿ ಬೆಚ್ಚಗಾಯಿತು, ಯಾಕೆಂದರೆ ಅದನ್ನು ಓದಿದವಳು ಅವನ ಅಕ್ಕ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಓದುವವರು ಸಿಗದೆ ಮೇಡಂ ಪರದಾಡುತ್ತಿದ್ದಾಗ, ಅವನೇ ಅಕ್ಕನನ್ನು ಕರೆತಂದಿದ್ದ. ಅವಳು ಓದಿದ್ದು ಅದೊಂದೇ ಪುಸ್ತಕ. ಅವನು ಪರದೆಯನ್ನು ಮೇಡಂ ಕಡೆ ತಿರುಗಿಸಿ ಆ ಕಾದಂಬರಿಯ ಸಾಲುಗಳನ್ನು ತೋರಿಸಿದ. ಹಸಿರು, ಹಸಿರು, ಹಸಿರು. ಬೆರಳಚ್ಚು ತಾಳೆಯಾಗಿದೆ, ಒಂದಕ್ಷರ ಅತ್ತಿತ್ತ ಆಗಿಲ್ಲ ಎಂದ. ಮೇಡಂ ಪರದೆಯನ್ನು ನೋಡಲಿಲ್ಲ. "ನೀವು ಕೇಳಿ ನೋಡಿದ್ರಾ?" ಎಂದರು. ಅವನು ಇಲ್ಲ ಎನ್ನುವ ಮೊದಲೇ, "ಇಲ್ಲ ಅಲ್ವಾ, ಇರ್ಲಿ, ಅವರಿಗೊಂದು ಫೋನು ಮಾಡಿಬಿಡಿ" ಎಂದು ಅವನ ಉತ್ತರವನ್ನೂ ತಾವೇ ಹೇಳಿ ಹೋದರು. ಅದು ಅವರ ಕರುಣೆ. ಕೆಲವು ಅಕ್ಷರಗಳ ಮುಂದೆ ಅವನು ತಡೆದು ನಿಲ್ಲುವುದನ್ನು ಅವರು ಎಂದೋ ಗಮನಿಸಿದ್ದರು. ಅವನು ನಿಲ್ಲಬಹುದಾದ ಜಾಗಗಳನ್ನೆಲ್ಲ ತಾವೇ ತುಂಬಿಬಿಡುತ್ತಿದ್ದರು.

ಫೋನಿನಲ್ಲಿ ಅಜ್ಜಿ ಅವನಿಗೆ ನಮಸ್ಕಾರ ಹೇಳಲೂ ಬಿಡಲಿಲ್ಲ. ಕಥಾನಾಯಕಿಗೆ ಒಬ್ಬ ತಮ್ಮ ಇದಾನಲ್ಲ, ಅವನು ಬೆಳಿಗ್ಗೆ ಅಕ್ಕನ ಹತ್ತಿರ ಹೇಳಿ ಮನೆಯಿಂದ ಹೊರಡುತ್ತಾನೆ, ಅವರ ಅತ್ತೆಯ ಊರಿಗೆ ಅಂತ. ಮುಂದಿನ ವಾಕ್ಯದಲ್ಲಿ ನೋಡಿದರೆ ಹೆಸರೂ ಕೇಳದ ಯಾವುದೋ ಊರಲ್ಲಿ ಸೋಪು ಮಾರುತ್ತಿದ್ದಾನೆ, ಮೀಸೆ ಬೇರೆ ಬಂದಿದೆ. ಅಲ್ಲಿಗೆ ಹೇಗೆ ಹೋದ? ಯಾಕೆ ಹೋದ ಎಂದು ಅಜ್ಜಿ ಕೇಳಿದಳು. ಅವನು ತಾಳ್ಮೆಯಿಂದ, ಇದು ಹೊಸ ಬಗೆಯ ಕಾದಂಬರಿ, ಇಂಥವು ಹೀಗೇ ನಡುವೆ ಹಾರಿ ಹಾರಿ ಹೋಗುತ್ತವೆ ಎಂದು ವಿವರಿಸಲು ಹೊರಟ. ಅಜ್ಜಿ ಅರ್ಧದಲ್ಲೇ ತಡೆದಳು.

"ಹಾರೋದಕ್ಕೂ ಬೀಳೋದಕ್ಕೂ ವ್ಯತ್ಯಾಸ ನನಗೆ ಗೊತ್ತಾಗುತ್ತಪ್ಪಾ. ಇದು ಬಿದ್ದಿದ್ದು."

ಅವನು ಕಡತದ ಬೆರಳಚ್ಚಿನ ಬಗ್ಗೆ ಹೇಳಿದ. ಲೆಕ್ಕದ ಪ್ರಕಾರ ಪುಸ್ತಕ ಪೂರ್ತಿ ಇದೆ ಎಂದ. ನಿಮ್ಮ ಲೆಕ್ಕ ಸೋಪು ಹಚ್ಚಿ ತೊಳೀರಿ ಎಂದು ಅಜ್ಜಿ ಫೋನು ಇಟ್ಟಳು.

ಮಧ್ಯಾಹ್ನದವರೆಗೆ ಅವನು ಬೇರೆ ಕೆಲಸ ಮಾಡಿದ. ಅಜ್ಜಿಯ ಮಾತಿಗೆ ಸಿಟ್ಟು ಬಂದಿರಲಿಲ್ಲ, ಹಾಗೆಂದು ಆ ಮಾತು ತಲೆಯಿಂದ ಹೋಗಿಯೂ ಇರಲಿಲ್ಲ. ತಾನು ಸರಿ ಎಂಬುದನ್ನು ಯಾರಿಗಾದರೂ ತೋರಿಸಬೇಕೆನಿಸಿತು, ತೋರಿಸಲು ಯಾರೂ ಇರಲಿಲ್ಲವಾದ್ದರಿಂದ ತನಗೇ ತೋರಿಸಿಕೊಳ್ಳಲು ಅಕ್ಕ ಓದಿದ ಕಾಲದ ಹಳೆಯ ಪ್ರೋಗ್ರಾಮನ್ನು ತೆರೆದ. ಕೆಲಸಕ್ಕೆ ಸೇರಿದ ತಿಂಗಳೇ ಬರೆದದ್ದು. ಆಮೇಲೆ ಹೊಸದನ್ನು ಬರೆದಿದ್ದ, ಇದನ್ನು ಮರೆತಿದ್ದ. ತನ್ನ ಹಳೆಯ ಬರಹವನ್ನು ಓದುವುದು ಹಳೆಯ ಫೋಟೋದಲ್ಲಿ ತನ್ನ ಕಿವಿಗಳನ್ನು ನೋಡಿದ ಹಾಗೆ. ಧ್ವನಿಮುದ್ರಣ ಯಂತ್ರದ ಕಾರ್ಡಿನಿಂದ ಕಡತವನ್ನು ಡಿಸ್ಕಿಗೆ ನಕಲು ಮಾಡು. ಬೆರಳಚ್ಚು ತೆಗೆದು ಬರೆದಿಡು. ತಾಳೆ ನೋಡು. ತಾಳೆಯಾದರೆ ಕಾರ್ಡನ್ನು ಅಳಿಸು. ಎಲ್ಲ ಸರಿಯಾಗಿತ್ತು. ಅವನು ಇನ್ನೊಮ್ಮೆ ಓದಿದ. ಬೆರಳಚ್ಚು ತೆಗೆ ಎಂಬಲ್ಲಿ, ಯಾವುದರ ಬೆರಳಚ್ಚು? ಕಾರ್ಡಿನಲ್ಲಿದ್ದ ಅಸಲು ಕಡತದ್ದು ತೆಗೆಯಬೇಕಿತ್ತು. ಅವನು ತೆಗೆದದ್ದು ನಕಲಿನದ್ದು. ನಕಲಿನ ಬೆರಳಚ್ಚನ್ನು ಬರೆದಿಟ್ಟು, ಅದೇ ನಕಲನ್ನು ತಂದು ಅದರೊಂದಿಗೆ ತಾಳೆ ನೋಡಿ, ಆಹಾ ಸರಿಯಿದೆ ಎಂದು ಅಸಲನ್ನು ಅಳಿಸಿದ್ದ. ಕಳ್ಳನನ್ನು ಹಿಡಿದು ನೀನು ನೀನೇ ತಾನೇ ಎಂದು ಕೇಳಿ, ಹೌದು ಎಂದ ಮೇಲೆ ಬಿಟ್ಟು ಕಳಿಸಿದ ಹಾಗೆ. ನಕಲು ಮಾಡುವಾಗ ಅರ್ಧ ಪುಸ್ತಕ ಉದುರಿಹೋಗಿದ್ದರೂ ಸಾಲು ಹಸಿರಾಗುತ್ತಿತ್ತು. ಉದುರಿದ ಪುಸ್ತಕವನ್ನು ಅಂದಿನಿಂದ ಇಂದಿನವರೆಗೆ ಒಂದು ಸೊನ್ನೆಯೂ ಅಲುಗದ ಹಾಗೆ ಅವನು ಕಾಪಾಡುತ್ತಿದ್ದ.

ಆ ಪ್ರೋಗ್ರಾಮಿನಿಂದ ಹಾದುಬಂದ ಪುಸ್ತಕಗಳು ಎರಡು ಕಪಾಟಿನಷ್ಟಿದ್ದವು. ಅವುಗಳ ಕಾರ್ಡುಗಳ ಮೇಲೆ ಆಮೇಲೆ ಬೇರೆ ಪುಸ್ತಕಗಳು ಕೂತು, ಅವನ್ನೂ ಅಳಿಸಿ ಇನ್ನೂ ಬೇರೆ ಕೂತಿದ್ದವು. ಆದರೆ ಅವನಿಗೆ ಕಾಣಿಸಿದ್ದು ಎರಡು ಕಪಾಟು ಅಲ್ಲ, ಒಂದು ಪುಸ್ತಕ. ಅಕ್ಕ ಬಿಡುವು ಮಾಡಿಕೊಂಡು, ಬಸ್ಸು ಹಿಡಿದು ಬಂದು, ಗಾಜಿನ ಆ ಕಡೆ ಕೂತು ಓದಿದ್ದರಲ್ಲಿ ಒಂದು ತುಂಡನ್ನು ತಾನು ಕಳೆದಿರಬಹುದು. ಕಳೆದದ್ದನ್ನು ಸರಿಯಿದೆ ಎಂದು ಮುದ್ರೆ ಒತ್ತಿರಬಹುದು. ಎದ್ದು ನೀರು ಕುಡಿದ. ಎಣಿಕೆ ಸರಿಯಿದ್ದು ಸಾಮಾನು ತಪ್ಪಿದ್ದು ಇದೇ ಮೊದಲಲ್ಲ. ಚಿಕ್ಕಂದಿನಲ್ಲಿ ಅಂಗಡಿಗೆ ಕಳಿಸುವಾಗ ಅಕ್ಕ ಅವನ ಐದು ಬೆರಳನ್ನೂ ಮಡಿಸಿ ಒಂದೊಂದಕ್ಕೆ ಒಂದೊಂದು ಸಾಮಾನು ಹೇಳುತ್ತಿದ್ದಳು: ವಾಪಸು ಬರುವಾಗ ಐದು ಬೆರಳೂ ಬಿಚ್ಚಬೇಕು, ಬಿಚ್ಚದೆ ಉಳಿದರೆ ಏನೋ ಮರೆತಿದೀಯ ಅಂತ. ಅವನು ಯಾವತ್ತೂ ಮರೆತವನಲ್ಲ. ಆದರೆ ಒಂದು ದಿನ ಹೆಬ್ಬೆರಳಿನ ಸಾಮಾನು ಮೇಣದಬತ್ತಿಯಾಗಿತ್ತು, ಅವನಿಗೆ ಮ ಬರುತ್ತಿರಲಿಲ್ಲ. ತುಟಿ ಮುಚ್ಚಿದರೆ ಮುಚ್ಚಿಯೇ ಇರುತ್ತಿತ್ತು, ಬಲಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು, ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಅಂಗಡಿಯವನು ಒಳ್ಳೆಯ ಮನುಷ್ಯ, ಮೊಟ್ಟೆಯಾ ಎಂದು ಕೇಳಿದ. ಅವನು ತಲೆಯಾಡಿಸಿದ, ತಲೆಯಾಡಿಸುವುದು ಅಷ್ಟು ಸುಲಭವಾಗಿತ್ತು. ಮನೆಯಲ್ಲಿ ಬೆರಳುಗಳು ಐದೂ ಬಿಚ್ಚಿದವು, ಚೀಲದಲ್ಲಿ ಮೊಟ್ಟೆಯಿತ್ತು. ಆವತ್ತು ಕರೆಂಟಿಲ್ಲದೆ ಎಲ್ಲರೂ ಬೇಗ ಮಲಗಿದರು. ಅಕ್ಕ ಒಬ್ಬಳೇ ಕತ್ತಲಲ್ಲಿ ಕಿಸಕ್ಕೆಂದಿದ್ದಳು.

ಆಮೇಲೆ ಅವನು ಬುದ್ಧಿವಂತನಾದ. ಮ ಬರುವ ಜಾಗಕ್ಕೆ ಬೇರೆ ಪದ ಹಾಕಿ ದಾಟುವುದನ್ನು ಕಲಿತ. ಮತ್ತೆ ಎನ್ನದೆ ಇನ್ನೊಮ್ಮೆ ಎನ್ನುತ್ತಾನೆ, ಮರೆತೆ ಎನ್ನದೆ ನೆನಪಾಗಲಿಲ್ಲ ಎನ್ನುತ್ತಾನೆ, ಆಫೀಸಿನವರೆಲ್ಲ ಮೂಲಪ್ರತಿ ಎನ್ನುವುದನ್ನು ಅವನೊಬ್ಬ ಅಸಲು ಎನ್ನುತ್ತಾನೆ, ಮೇಡಂ ಅನ್ನು ಮೇಡಂ ಎಂದು ಕರೆಯದೆ ಕೆಮ್ಮಿ ಕರೆಯುತ್ತಾನೆ. ಅರ್ಥಕ್ಕೆ ಎಲ್ಲೂ ಧಕ್ಕೆಯಾಗುವುದಿಲ್ಲ. ಕೇಳುವವರಿಗೆ ಉಗ್ಗೇ ಇಲ್ಲದ, ಸ್ವಲ್ಪ ಹಳೆಕಾಲದ ಮಾತಿನ ಮನುಷ್ಯನಾಗಿ ಕಾಣುತ್ತಾನೆ.

ಸಂಜೆಗೆ ಮೊದಲು ಕಪಾಟಿನಿಂದ ಕಾದಂಬರಿಯ ಅಚ್ಚಾದ ಪ್ರತಿಯನ್ನು ತಂದು, ಹೆಡ್‌ಫೋನು ಹಾಕಿಕೊಂಡು ಕೂತ. ಇಷ್ಟು ವರ್ಷ ಕಾಯ್ದಿದ್ದವನು ಒಂದು ಪುಸ್ತಕವನ್ನೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಅಕ್ಕನ ದನಿ ಕಿವಿಯೊಳಗೇ ಹುಟ್ಟಿದ ಹಾಗೆ ಶುರುವಾಯಿತು. ಈಗಿನದಕ್ಕಿಂತ ತೆಳ್ಳಗೆ, ಸ್ವಲ್ಪ ಅವಸರ. ಪುಟದ ಮೇಲೆ ಬೆರಳಿಟ್ಟು ಹಿಂಬಾಲಿಸಿದ. ತಮ್ಮ ಅಕ್ಕನಿಗೆ ಹೇಳಿ ಮನೆಯಿಂದ ಹೊರಟ. ಅಲ್ಲಿ ವಾಕ್ಯ ಮುಗಿಯಿತು. ಮುಂದಿನ ವಾಕ್ಯದಲ್ಲಿ ಸೋಪು. ಬೆರಳು ಪುಟದ ಮೇಲೇ ಉಳಿಯಿತು, ದನಿ ಎರಡು ಹಾಳೆ ಮುಂದಿತ್ತು. ಅಜ್ಜಿ ಹೇಳಿದ್ದು ಸರಿ. ಅವನು ಹಿಂದಕ್ಕೆ ಹೋಗಿ ಅದೇ ಜಾಗವನ್ನು ಕೇಳಿದ, ದನಿ ಹೆಚ್ಚಿಸಿ ಕೇಳಿದ. ಡಿಸ್ಕು ಕಚ್ಚಿದರೆ ಎಲ್ಲಿ ಬೇಕಾದರಲ್ಲಿ ಕಚ್ಚುತ್ತದೆ, ಪದದ ನಡುವೆ, ಉಸಿರಿನ ನಡುವೆ. ಅದಕ್ಕೆ ಪೂರ್ಣವಿರಾಮ ಗೊತ್ತಿಲ್ಲ. ಅವಳು ಎರಡು ಹಾಳೆಯನ್ನು ಒಟ್ಟಿಗೆ ಮಗುಚಿದ್ದರೂ ವಾಕ್ಯ ಎಲ್ಲೋ ತುಂಡಾಗಬೇಕಿತ್ತು. ಇಲ್ಲಿ ವಾಕ್ಯ ನಿಧಾನಕ್ಕೆ ಇಳಿದು ಮುಗಿದಿತ್ತು. ಆಮೇಲೆ ಒಂದು ಗುಟುಕು ನುಂಗಿದ ಸದ್ದು. ಆಮೇಲೆ ಹಾಳೆ ತಿರುಗಿದ ಸದ್ದು, ಇನ್ನೊಂದು ಹಾಳೆ ತಿರುಗಿದ ಸದ್ದು. ಆಮೇಲೆ ಉಸಿರೆಳೆದುಕೊಂಡು, ಸೋಪು. ಕಳೆದದ್ದು ಅವನಲ್ಲ. ಬಿಟ್ಟದ್ದು ಅವಳು. ಕಡತ ಅಂದು ಹೇಗಿತ್ತೋ ಹಾಗೇ ಇತ್ತು, ತಪ್ಪು ಪ್ರೋಗ್ರಾಮು ಆಕಸ್ಮಿಕವಾಗಿ ಸತ್ಯ ಹೇಳಿತ್ತು. ಸಮಾಧಾನವಾಗಬೇಕಿತ್ತು. ಅವಳು ಬಿಟ್ಟ ಹಾಳೆಗಳನ್ನು ಅವನು ಓದತೊಡಗಿದ.

ತಮ್ಮನಿಗೆ ಉಗ್ಗು. ಅತ್ತೆಯ ಊರಿನ ಹೆಸರು ಕ ದಿಂದ ಶುರುವಾಗುತ್ತದೆ. ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತು ಅವನು ಕ ಕ ಕ ಎನ್ನುತ್ತಾನೆ, ಬಲಗಾಲು ನೆಲಕ್ಕೆ ಒತ್ತುತ್ತದೆ, ಒಂದು ಕಣ್ಣು ಮುಚ್ಚುತ್ತದೆ, ಹಿಂದಿನವರು ಊರುಗಳ ಹೆಸರನ್ನು ಒಂದೊಂದಾಗಿ ಸೂಚಿಸುತ್ತಾರೆ, ಹರಾಜಿನ ಹಾಗೆ. ರೈಲು ಕೂಗುತ್ತದೆ. ಕೊನೆಗೆ ತಮ್ಮ ತನಗೆ ಹೇಳಲು ಬರುವ ಒಂದು ಊರಿನ ಹೆಸರನ್ನು ತಡೆಯಿಲ್ಲದೆ ಸ್ಪಷ್ಟವಾಗಿ ಹೇಳಿ, ಆ ಊರಿಗೆ ಟಿಕೆಟ್ ಕೊಂಡು, ಹತ್ತಿ, ಅಲ್ಲಿ ಇಳಿದು, ಅಲ್ಲೇ ಬದುಕುತ್ತಾನೆ. ಬರೆದವರು ನಗಿಸಲೆಂದೇ ಬರೆದಿದ್ದರು. ಓದಿ ಮುಗಿಸಿದಾಗ ಅವನಿಗೆ ತನ್ನ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಡಿಸಿಕೊಂಡಿರುವುದು ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಸುತ್ತ ನೋಡಿದ, ಯಾರೂ ಇರಲಿಲ್ಲ.

ಧ್ವನಿಮುದ್ರಣ ಮಾಡಿದ್ದು ಅವನೇ. ಗಾಜಿನ ಈ ಕಡೆ ಕೂತಿದ್ದ, ಹೆಡ್‌ಫೋನಿತ್ತು, ಆದರೆ ಅವನ ಕಣ್ಣು ದನಿಯ ಮಟ್ಟ ತೋರಿಸುವ ಮುಳ್ಳಿನ ಮೇಲೆ. ಅದು ಕೆಂಪಿಗೆ ಹೋಗದಿದ್ದರೆ ಸರಿ. ಯಾವ ಪದಗಳು ಹಾದುಹೋಗುತ್ತಿವೆ ಎಂದು ಅವನು ಗಮನಿಸಿರಲಿಲ್ಲ; ನೀರಿನ ಮೀಟರು ನೋಡುವವನು ನೀರಿನ ರುಚಿ ಕೇಳುತ್ತಾನೆಯೇ? ಆ ದಿನ ಅಕ್ಕ ಎರಡು ಮೂರು ಸಲ ಕೈಯೆತ್ತಿ ನಿಲ್ಲಿಸಿದ್ದಳು. ನೀರು ಕುಡಿದಿದ್ದಳು. ಒಮ್ಮೆ ಏನೋ ಬಿದ್ದ ಹಾಗೆ ಮೇಜಿನ ಕೆಳಗೆ ಬಗ್ಗಿ ತುಂಬ ಹೊತ್ತು ಮೇಲೇಳಲೇ ಇಲ್ಲ. ಗಂಟಲು ಒಣಗಿದೆ ಎಂದಿದ್ದಳು. ಅವನು ತಾಂತ್ರಿಕ ಗಾಂಭೀರ್ಯದಿಂದ ಕೆಟ್ಟ ತುಂಡನ್ನು ಅಳಿಸಿ ಇನ್ನೊಮ್ಮೆ ಎಂದಿದ್ದ. ಈಗ ಅರ್ಥವಾಯಿತು. ತಮ್ಮ ಎದುರಿಗೆ ಕೂತಿರುವಾಗ, ಅವನ ಕಿವಿಗೇ ಅವನ ಉಗ್ಗನ್ನು ಓದಿ ಹೇಳಲು ಅವಳಿಗೆ ಆಗಿರಲಿಲ್ಲ. ಎರಡು ಹಾಳೆ ಬಿಟ್ಟು, ಪುಸ್ತಕವನ್ನು ಮುಕ್ಕು ಮಾಡಿ, ಅವನನ್ನು ಉಳಿಸಿದ್ದಳು. ಆಫೀಸಿನಿಂದ ಇಳಿದು ಬಸ್ಸಿಗೂ ಕಾಯದೆ ನಡೆಯುತ್ತಾ, ಚಪ್ಪಲಿ ರಿಪೇರಿಯವನನ್ನು, ಬೀಗದ ಅಂಗಡಿಯನ್ನು, ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗೆ ಅಂಗಿ ತೊಡಿಸುತ್ತಿದ್ದ ಹೆಂಗಸನ್ನು ದಾಟುತ್ತಾ, ಅವನು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಪ್ರತಿ ಸಲವೂ ಅಕ್ಕ ಸ್ವಲ್ಪ ಹೆಚ್ಚು ದೊಡ್ಡವಳಾಗಿ, ತಾನು ಸ್ವಲ್ಪ ಹೆಚ್ಚು ಚಿಕ್ಕವನಾಗಿ ಕಂಡ. ಕೃತಜ್ಞತೆಯ ಜೊತೆಗೇ ಒಂದು ಕಿರಿಕಿರಿ. ಇಷ್ಟು ವರ್ಷ ನನಗೆ ಉಗ್ಗು ಇಲ್ಲವೆಂದು ಹೆಚ್ಚುಕಡಿಮೆ ಎಲ್ಲರನ್ನೂ ನಂಬಿಸಿದ್ದೆನಲ್ಲ, ಅವಳನ್ನು ಬಿಟ್ಟು.

ಅಕ್ಕ ಕೆಲಸ ಮಾಡುತ್ತಿದ್ದದ್ದು ಕಟ್ಟಿಸುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಉದ್ದನೆಯ ಮೇಜಿನ ಮೇಲೆ ಊರವರ ಬಾಯಿಗಳು ಪ್ಲಾಸ್ಟರಿನಲ್ಲಿ ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಡಾಕ್ಟರರ ಹೆಸರು. ಅವಳ ಹುಬ್ಬಿನ ಮೇಲೆ ಬಿಳಿ ಪುಡಿ. ಅವನನ್ನು ನೋಡಿ ಅರೆಯುವ ಯಂತ್ರ ನಿಲ್ಲಿಸಿದಳು; ಊಟ ಮಾಡಿದೆಯಾ, ಯಾಕೆ ಮುಖ ಹಾಗಿದೆ, ನಿನ್ನ ಹೆಂಡತಿ ಕಾಲುನೋವು ಹೇಗಿದೆ ಎಂದು ಒಂದರ ಹಿಂದೆ ಒಂದು ಕೇಳಿ, ಯಾವುದಕ್ಕೂ ಉತ್ತರಕ್ಕೆ ಕಾಯದೆ ಒಂದು ದವಡೆಯನ್ನು ಸರಿಸಿ ಕೂರಲು ಜಾಗ ಮಾಡಿದಳು. ಅವನು ಅಜ್ಜಿಯ ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ತನ್ನ ಪ್ರೋಗ್ರಾಮಿನ ತಪ್ಪನ್ನೂ ಹೇಳಿದ, ಅದು ಅವಳಿಗೆ ಬೇಕಿಲ್ಲದಿದ್ದರೂ. ಅವಳು ಕೈಯಲ್ಲಿದ್ದ ಹಲ್ಲಿನ ಸಾಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೇಳಿದಳು. ಅವನು ಸಿದ್ಧ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದ: ನೀನು ನನಗೋಸ್ಕರ ಬಿಟ್ಟೆ ಅಂತ ನನಗೆ ಗೊತ್ತಾಯ್ತು.

ಅಕ್ಕ ಹಲ್ಲುಗಳನ್ನು ಮೇಜಿನ ಮೇಲಿಟ್ಟಳು.

"ನಿನಗೋಸ್ಕರ ಅಲ್ಲ ಕಣೋ. ನಗು ಬರ್ತಿತ್ತು."

ಅವನು ಪಕ್ಕಕ್ಕೆ ಸರಿಸಿದ್ದ ದವಡೆಯನ್ನು ಕೈಗೆತ್ತಿಕೊಂಡ.

"ಮೂರು ಸಲ ನೋಡಿದೆ. ಆ ಕಾಲು ಒತ್ತೋ ಜಾಗ ಬಂದ ತಕ್ಷಣ ತಡೆಯೋಕಾಗ್ತಿರಲಿಲ್ಲ. ಈ ಕಡೆ ಪುಸ್ತಕದಲ್ಲಿ ನೀನು, ಆ ಕಡೆ ಗಾಜಿನ ಹಿಂದೆ ಕಿವಿ ಮೇಲೆ ಎರಡು ಬಟ್ಟಲು ಕವಿಚ್ಕೊಂಡು ದೊಡ್ಡ ಸಾಹೇಬರ ಥರ ಕೂತಿರೋನೂ ನೀನು. ಮೊಟ್ಟೆ ನೆನಪಾಯ್ತು. ಮೇಜಿನ ಕೆಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ಇನ್ನು ಆಗಲ್ಲ ಅಂತ ಬಿಟ್ಟೆ. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ, ಎಂಥಾ ಕಿವಿ ಆ ಮುದುಕೀದು."

ಹೇಳುತ್ತಾ ಹೇಳುತ್ತಾ ಅವಳಿಗೆ ಈಗಲೂ ನಗು ಬಂತು. ತಡೆಯಲು ತುಟಿ ಕಚ್ಚಿದಳು, ಹುಬ್ಬಿನ ಪುಡಿ ಉದುರಿತು. ಅವನು ಪ್ಲಾಸ್ಟರಿನ ಬಾಯಿಗಳನ್ನು ನೋಡಿದ. ಎಲ್ಲವೂ ತೆರೆದಿದ್ದವು, ಯಾವುದರಲ್ಲೂ ನಾಲಿಗೆಯಿರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದು ಒಂದೇ ಏಟಿಗೆ ಬಿತ್ತು, ಬಿದ್ದ ಜಾಗದಲ್ಲಿ ನೋವಾಗಬೇಕಿತ್ತು, ನೋವೂ ಆಯಿತು. ಆದರೆ ಭಾರ ಕಡಿಮೆಯಾಗಿತ್ತು. ಕರುಣೆಯನ್ನು ಹೊರುವುದಕ್ಕಿಂತ ನಗುವನ್ನು ಹೊರುವುದು ಸುಲಭ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನೀನು ಬಂದು ಓದಬೇಕು ಎಂದ. ನನಗೆ ಮತ್ತೆ ನಗು ಬಂದರೆ ಎಂದು ಅಕ್ಕ ಕೇಳಿದಳು. ಬಂದರೆ ಬರಲಿ ಎಂದ. ಅವಳು ಅವನ ಮುಖವನ್ನು, ಅಚ್ಚು ಸರಿಯಾಗಿ ಕೂತಿದೆಯೇ ಎಂದು ನೋಡುವವಳ ಹಾಗೆ ನೋಡಿ, ಯಂತ್ರ ಹಚ್ಚಿದಳು.

ಮರುದಿನ ಅವನು ಮೇಡಂ ಕೋಣೆಗೆ ಹೋಗಿ ಹಳೆಯ ಪ್ರೋಗ್ರಾಮಿನ ವಿಷಯ ಹೇಳಿದ. ಈ ಪುಸ್ತಕ ಉಳಿದುಕೊಂಡಿದೆ ಎಂದ ತಕ್ಷಣ ಉಳಿದವೂ ಉಳಿದಿವೆ ಎಂದಾಗುವುದಿಲ್ಲ, ಎರಡು ಕಪಾಟಿನ ಹಸಿರಿಗೆ ಅರ್ಥವಿಲ್ಲ ಎಂದ. ಮೇಡಂ ಕನ್ನಡಕ ತೆಗೆದು ಒರೆಸಿದರು. ಹಾಗಾದರೆ ಗೊತ್ತಾಗುವುದು ಹೇಗೆ ಎಂದರು. ಪುಸ್ತಕ ಹಿಡಿದು ಕೇಳಿ ನೋಡಬೇಕು ಎಂದ. ಯಾರು ಕೇಳಬೇಕು ಎಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಎರಡು ಕಪಾಟಿನ ಬೀಗದ ಕೈಯನ್ನು ಡ್ರಾಯರಿನಿಂದ ತೆಗೆದು ಅವನ ಕಡೆ ತಳ್ಳಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಮೆಟ್ಟಿಲಿಳಿಯುವಾಗ ಅನ್ನಿಸಿತು. ಅಂದಿನಿಂದ ಅವನು ದಿನಾ ಒಂದಿಷ್ಟು ಹೊತ್ತು ಪುಟದ ಮೇಲೆ ಬೆರಳಿಟ್ಟು ಕೇಳುತ್ತಾನೆ. ಒಬ್ಬ ನಿವೃತ್ತ ಬಸ್ ಚಾಲಕ ಭೂಗೋಳ ಓದುತ್ತಾನೆ, ಊರು ಬಂದಾಗಲೆಲ್ಲ ನಿಲ್ಲಿಸುವವನ ಹಾಗೆ ತಡೆಯುತ್ತಾನೆ. ಒಂದು ಪುಸ್ತಕದ ಕೊನೆಯ ಅಧ್ಯಾಯ ನಿಜವಾಗಿಯೂ ನಡುಪದದಲ್ಲಿ ಕತ್ತರಿಸಿಹೋಗಿತ್ತು. ಅದನ್ನು ಯಾರೂ ದೂರಿರಲಿಲ್ಲ. ಅದರ ಸಾಲನ್ನು ಅವನೇ ಕೈಯಾರೆ ಕೆಂಪು ಮಾಡಿದ.

ರಜೆಯ ದಿನ ಬೆಳಿಗ್ಗೆ ಅಕ್ಕ ಬಂದಳು. ಧ್ವನಿಮುದ್ರಣದ ಕೋಣೆಯ ಗೋಡೆಗೆ ಸದ್ದು ಹೀರಲೆಂದು ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದರು. ಅದನ್ನು ನೋಡಿ ಅವಳು ಅವನ ಕಡೆ ತಿರುಗಿದಳು, ಅವನು ಏನೂ ಅನ್ನಬೇಡ ಎಂಬಂತೆ ಕೈ ತೋರಿಸಿದ. ಗಾಜಿನ ಆ ಕಡೆ ಕೂತು ಗಂಟಲು ಸರಿಮಾಡಿಕೊಂಡಳು. ಅವನು ಹೆಡ್‌ಫೋನು ಹಾಕಿಕೊಂಡ. ಮುಳ್ಳನ್ನು ಒಮ್ಮೆ ನೋಡಿ, ನೋಡುವುದನ್ನು ಬಿಟ್ಟು, ಅವಳ ಬಾಯಿಯನ್ನು ನೋಡಿದ. ದನಿ ದಪ್ಪವಾಗಿತ್ತು, ಹಳೆಯದರ ಪಕ್ಕದಲ್ಲಿಟ್ಟರೆ ತಾಯಿ ಮಗಳ ಹಾಗೆ ಕೇಳಬಹುದು. ಕಥೆಯ ತಮ್ಮ ಟಿಕೆಟ್ ಕಿಟಕಿಯ ಮುಂದೆ ಬಂದು ನಿಂತ. ಕ ಕ ಕ ಎಂದ. ಹಿಂದಿನವರು ಊರುಗಳನ್ನು ಕೂಗಿದರು. ಬಲಗಾಲು ಒತ್ತುವ ಜಾಗ ಬಂತು. ಅಕ್ಕನ ದನಿ ಸಣ್ಣಗೆ ನಡುಗಿತು, ದಾಟಿತು, ಮುಚ್ಚಿದ ಕಣ್ಣಿನ ಹತ್ತಿರ ಬಂದು ಪೂರ್ತಿ ಒಡೆಯಿತು. ಒಂದು ಚಿಕ್ಕ ನಗು, ಮೂಗಿನಿಂದ ತಪ್ಪಿಸಿಕೊಂಡದ್ದು. ಕತ್ತಲಲ್ಲಿ ಮೊಟ್ಟೆಯ ದಿನ ಕೇಳಿದ್ದೇ ನಗು, ಒಂದು ಸೊನ್ನೆಯೂ ಅಲುಗದ್ದು. ಅವಳು ಕೈಯೆತ್ತಿ ನಿಲ್ಲಿಸು ಎಂದಳು. ಅವನು ನಿಲ್ಲಿಸಲಿಲ್ಲ. ಮುಂದೆ ಹೋಗು ಎಂದು ಬೆರಳು ತಿರುಗಿಸಿದ. ಅವಳು ಕಣ್ಣೊರೆಸಿಕೊಂಡು ಮುಂದೆ ಓದಿದಳು. ಟಿಕೆಟ್ ಕೊಳ್ಳುವ ಜಾಗದಲ್ಲಿ ಅವಳ ದನಿ ಎಷ್ಟು ಶಾಂತವಾಗಿತ್ತೆಂದರೆ, ತಮ್ಮ ಆ ತಪ್ಪು ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳಿದಾಗ ಅವನಿಗೂ ಒಂದು ಕ್ಷಣ ಅದೇ ಸರಿಯಾದ ಊರು ಅನ್ನಿಸಿತು.

ಈ ಸಲ ಕಾರ್ಡಿನಲ್ಲಿದ್ದಾಗಲೇ, ನಕಲು ಮಾಡುವ ಮೊದಲು, ಬೆರಳಚ್ಚು ತೆಗೆದ. ಆಮೇಲೆ ನಕಲು, ಆಮೇಲೆ ತಾಳೆ. ಹೊಸ ತುಂಡನ್ನು ಹಳೆಯ ಅಧ್ಯಾಯದಲ್ಲಿ, ಎರಡು ಹಾಳೆಗಳ ಸದ್ದು ಇದ್ದ ಜಾಗದಲ್ಲಿ ಸೇರಿಸಿದ. ಅಧ್ಯಾಯದ ಸಾಲು ತಕ್ಷಣ ಕೆಂಪಾಯಿತು. ಹೊಸ ಸರಕ್ಕೂ ಹಳೆಯ ಸರಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಗುವನ್ನು ಕತ್ತರಿಸಲು ಒಂದು ನಿಮಿಷದ ಕೆಲಸ. ಅಕ್ಕ ಹೋಗುವಾಗ ಅದನ್ನೊಂದು ತೆಗೆದುಬಿಡು ಎಂದು ಹೇಳಿ ಹೋಗಿದ್ದಳು. ಹೊಸ ಸರವನ್ನು ಬರೆದಿಟ್ಟ; ಸಾಲು ಹಸಿರಾಯಿತು. ನಗು ಒಳಗೇ ಇತ್ತು.

ಎರಡು ದಿನಕ್ಕೆ ಫೋನು ಬಂತು. ತಕರಾರಜ್ಜಿ ಪೂರ್ತಿ ಕೇಳಿದ್ದಳು. ತಮ್ಮ ಸೋಪು ಮಾರುವ ಊರಿಗೆ ಹೋದದ್ದು ಹೇಗೆಂದು ಈಗ ತಿಳಿಯಿತು, ಪಾಪ, ನಾನಾದರೂ ಅದನ್ನೇ ಮಾಡುತ್ತಿದ್ದೆ ಎಂದಳು. ಅವನು ಧನ್ಯವಾದ ಹೇಳಲು ಬಾಯಿ ತೆರೆದ, ಅವಳು ಬಿಡಲಿಲ್ಲ.

"ಆದ್ರೆ ಆ ಹೆಂಗಸು ನಡುವೆ ನಕ್ಕಿದಾಳಲ್ಲಪ್ಪಾ. ಪುಸ್ತಕದಲ್ಲಿ ಇಲ್ಲದ್ದು ಅಲ್ಲಿ ಹೇಗೆ ಬಂತು?"

"ಅದು," ಎಂದ ಅವನು. ಅಸಲು ಎಂಬ ಪದ ನಾಲಿಗೆಯ ತುದಿಗೆ ಬಂದು, ಪ್ರತಿ ಸಲದ ಹಾಗೆ, ತಯಾರಾಗಿ ನಿಂತಿತ್ತು. ಅದನ್ನು ದಾಟಿದ. "ಅದು ಮ್..." ತುಟಿಗಳು ಮುಚ್ಚಿಕೊಂಡವು, ಮುಚ್ಚಿಯೇ ಉಳಿದವು. ಬಲಗಾಲಿನ ಹೆಬ್ಬೆರಳು ನೆಲಕ್ಕೆ ಒತ್ತಿತು. ಒಂದು ಕಣ್ಣು ಮುಚ್ಚಿತು. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿ ಬೇಗ ತಗ್ಗಿಸಿಕೊಂಡರು. ಕೆಳಗೆ ಬಣ್ಣದಂಗಡಿಯವನು ಡಬ್ಬ ಕಲಕುವ ಯಂತ್ರ ಹಚ್ಚಿದ, ನಿಲ್ಲಿಸಿದ. ಫೋನಿನ ಆ ತುದಿಯಲ್ಲಿ, ಯಾರ ಮಾತನ್ನೂ ಮುಗಿಸಲು ಬಿಡದ ಅಜ್ಜಿ ಏನೂ ಹೇಳಲಿಲ್ಲ. ಇದೀರಾ ಎಂದೂ ಕೇಳಲಿಲ್ಲ, ಯಾವ ಪದವನ್ನೂ ಸೂಚಿಸಲಿಲ್ಲ. ಅವಳ ಉಸಿರು ಮಾತ್ರ, ಪುಸ್ತಕ ಕೇಳುವಾಗ ಇರಬಹುದಾದ ಹಾಗೆ, ಸಮನಾಗಿ ಬರುತ್ತಿತ್ತು.

"ಮೂಲದಲ್ಲೇ ಇದೆ," ಎಂದ.

"ಹಾಗಾದ್ರೆ ಇರ್ಲಿ," ಎಂದಳು ಅಜ್ಜಿ. "ಆಮೇಲೆ ಅವನು ಅಂಗಡಿ ಹಾಕ್ತಾನಲ್ಲ, ಅಲ್ಲಿ ಇನ್ನೊಂದು ತಕರಾರಿದೆ. ಬರ್ಕೊಳ್ಳಿ."